ಕೊನೆಯ ಹೊಲಕ್ಕೆ ನೀರು ಮುಟ್ಟುವ ಹೊತ್ತು

ಸವದತ್ತಿಯ ನವಿಲುತೀರ್ಥ ಅಣೆಕಟ್ಟಿನಲ್ಲಿ ಗೇಟು ಎತ್ತಿದ ಕೂಡಲೇ ಮಲಪ್ರಭೆ ಕಾಲುವೆಯ ಕೊನೆಯ ಹೊಲ ನೆನೆಯುವುದಿಲ್ಲ. ನೀರು ಮುಟ್ಟುವ ಮೊದಲೇ ಬಂದು ನೋಡಿದವರು ‘ಇಲ್ಲಿಗೆ ನೀರಿಲ್ಲ’ ಎಂದು ಬರೆದುಕೊಂಡು ಹೋದರೆ, ಆ ಲೆಕ್ಕವನ್ನು ರೈತ ಒಪ್ಪುವುದಿಲ್ಲ. ಮಿದುಳಿನ ರಕ್ತದ ಹರಿವನ್ನು ಎಂಆರ್‌ಐನಲ್ಲಿ ಅಳೆಯುವ ‘ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್’ ವಿಧಾನವನ್ನೂ ನಾವು ಇದೇ ಕಣ್ಣಿನಿಂದ ಪರೀಕ್ಷಿಸಬೇಕು.

1992ರಲ್ಲಿ ಜಾನ್ ಡೆಟ್ರಿ ಮತ್ತು ಸಂಗಡಿಗರು ಇಲಿಯ ಮಿದುಳಿನಲ್ಲಿ ಇದನ್ನು ಮಾಡಿ ತೋರಿಸಿದರು. ಕುತ್ತಿಗೆಯಿಂದ ಮೇಲೇರುವ ರಕ್ತದ ನೀರಿನಂಶಕ್ಕೆ ರೇಡಿಯೊ ಅಲೆಗಳಿಂದ ಕಾಂತೀಯ ಗುರುತು ಹಾಕಿ, ತುಸು ಕಾದು, ಚಿತ್ರ ತೆಗೆಯುತ್ತಾರೆ. ಗುರುತಿಲ್ಲದ ಚಿತ್ರದಿಂದ ಇದನ್ನು ಕಳೆದರೆ ಹರಿವಿನ ಲೆಕ್ಕ ಸಿಗುತ್ತದೆ. ಸೂಜಿ ಬೇಡ, ಗ್ಯಾಡೋಲಿನಿಯಂ ಎಂಬ ಚಿತ್ರ ಎದ್ದುಕಾಣಿಸುವ ಮದ್ದು ಬೇಡ, ವಿಕಿರಣವೂ ಇಲ್ಲ. ಮಕ್ಕಳಿಗೆ, ಕಿಡ್ನಿ ಸೋತವರಿಗೆ ಇದು ದೊಡ್ಡ ವರ. ಆದರೆ ಆ ವ್ಯತ್ಯಾಸ ಒಟ್ಟು ಸಂಕೇತದ ಶೇ. 1ರ ಆಸುಪಾಸು, ತಲೆ ಸ್ವಲ್ಪ ಅಲುಗಿದರೂ ಕೆಡುತ್ತದೆ.

2015ರಲ್ಲಿ ತಜ್ಞರು ಒಮ್ಮತದಿಂದ ಕೊಟ್ಟ ಶಿಫಾರಸು ಇದಕ್ಕೊಂದು ಶಿಸ್ತು ತಂದಿತು: ಹಿನ್ನೆಲೆಯ ಸಂಕೇತ ತಗ್ಗಿಸಬೇಕು, ವಯಸ್ಕ ರೋಗಿಗಳಲ್ಲಿ ಗುರುತು ಹಾಕಿದ ಮೇಲೆ 2000 ಮಿಲಿಸೆಕೆಂಡು ಕಾಯಬೇಕು. ಆದರೂ ಕುತ್ತಿಗೆಯ ರಕ್ತನಾಳ ಕಟ್ಟಿದವರಲ್ಲಿ ರಕ್ತ ಸುತ್ತು ಹಾಕಿ ತಡವಾಗಿ ಬರುತ್ತದೆ. ಆಗ ಒಂದೇ ಕಾಯುವಿಕೆ ಸಾಲದು. ಹಲವು ಹೊತ್ತಿನಲ್ಲಿ ಚಿತ್ರ ತೆಗೆಯುವ ಕ್ರಮವೇ ಸರಿ, ಸಮಯ ಹೆಚ್ಚು ಹಿಡಿದರೂ.

ನನ್ನ ಮುಖ್ಯ ತಕರಾರು ಬೇರೆಯದು. 3 ಟೆಸ್ಲಾ ಕಾಂತಬಲದ ಎಂಆರ್‌ಐ ಯಂತ್ರದಲ್ಲಿ ರಕ್ತದ ಗುರುತು ಮಾಸುವ ಕಾಲಕ್ಕೆ ಹರಿವಿನ ಲೆಕ್ಕದ ಸೂತ್ರವು ಎಲ್ಲರಿಗೂ 1650 ಮಿಲಿಸೆಕೆಂಡು ಎಂಬ ಒಂದೇ ಅಂಕಿ ಹಿಡಿಯುತ್ತದೆ. ರಕ್ತಹೀನತೆ ಇದ್ದರೆ ಗುರುತು ನಿಧಾನ ಮಾಸುತ್ತದೆ. ಸೂತ್ರ ಅದನ್ನೂ ಹೆಚ್ಚಿನ ಹರಿವೆಂದು ಓದುತ್ತದೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 30ಕ್ಕೆ ಇಳಿದವರಲ್ಲಿ ಈ ತಪ್ಪು ಶೇ. 15 ದಾಟಬಹುದು. ರಕ್ತಹೀನತೆಯಲ್ಲಿ ಹರಿವು ನಿಜವಾಗಿಯೂ ಹೆಚ್ಚುವುದರಿಂದ ನಿಜ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಅಂದಮೇಲೆ ಇದು ಅಡಿಟಿಪ್ಪಣಿಗೆ ಬಿಡುವ ಮಾತಲ್ಲ.

ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಸ್ಕ್ಯಾನಿಗೆ ಹೋಗುವ ತಾಯಿಯ ಕೈಚೀಲದಲ್ಲಿ ಹಳೆಯ ರಿಪೋರ್ಟುಗಳ ನಡುವೆ ರಕ್ತಪರೀಕ್ಷೆಯ ಚೀಟಿ ಮಡಚಿಕೊಂಡು ಇದ್ದೇ ಇರುತ್ತದೆ. ಅದರಲ್ಲಿನ ಅಂಕಿಯನ್ನು ಸೂತ್ರಕ್ಕೆ ಸೇರಿಸಲು ಹೊಸ ಯಂತ್ರ ಬೇಕಿಲ್ಲ. ಎಷ್ಟು ಹೊತ್ತು ಕಾದೆವು, ಯಾವ ರಕ್ತದ ಅಂಕಿ ಹಿಡಿದೆವು ಎಂದು ರಿಪೋರ್ಟಿನಲ್ಲಿ ಎರಡು ಸಾಲು ಬರೆಯಲಿ. ವಿಧಾನ ಒಳ್ಳೆಯದು, ಅದು ನಮ್ಮ ತಾಯಂದಿರ ರಕ್ತವನ್ನು ಅರಿತು ಅಳೆಯಬೇಕು.