ಕಾಯಲು ಬಲ್ಲದು, ಕೇಳಿಸಿಕೊಳ್ಳದು

ಶಿಕಾರಿಪುರ, ಸೊರಬದ ಕಡೆಯ ಜಾತ್ರೆಗಳಲ್ಲಿ ರಾತ್ರಿಯ ರಸಮಂಜರಿ ನೋಡಿದವರಿಗೆ ಈ ಕ್ರಮ ಗೊತ್ತು. ಕೀಬೋರ್ಡಿಗೆ ಒಬ್ಬ, ರಿದಮ್ ಪ್ಯಾಡಿಗೆ ಒಬ್ಬ, ಹಾಡಲು ಇಬ್ಬರು. ಉಳಿದ ವಾದ್ಯವೃಂದವೆಲ್ಲ ಪೆನ್‌ಡ್ರೈವಿನೊಳಗೆ. ಮೊದಲೇ ಮುದ್ರಿಸಿಟ್ಟ ಟ್ರ್ಯಾಕು ಹೊರಟಿತೆಂದರೆ ತನ್ನ ಹೊತ್ತಿಗೇ ಮುಗಿಯುತ್ತದೆ. ನಡುವೆ ಊರ ಹಿರಿಯರು ಹಾರ ಹಿಡಿದು ವೇದಿಕೆ ಹತ್ತಲಿ, ಮುಂದೆ ಕೂತ ಹುಡುಗರು ಪಲ್ಲವಿಗೆ ‘ಇನ್ನೊಂದ್ಸಲ’ ಎಂದು ಕೂಗಲಿ, ಅದಕ್ಕೇನೂ ಆಗಬೇಕಿಲ್ಲ. ಗಾಯಕನೇ ಓಡಿಹೋಗಿ ಅದನ್ನು ಹಿಡಿಯಬೇಕು. ಇದನ್ನು ಲೈವ್ ಸಂಗೀತ ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಸೆಕ್24 ಎಂಬ ಮುಕ್ತ ತಂತ್ರಾಂಶವನ್ನು ನಾನು ಅಳೆಯಲು ಹೊರಟಿರುವುದು ಈ ವೇದಿಕೆಯ ಮೇಲಿಟ್ಟು. ರಾಬ್ ಬ್ಯೂಸ್ ಬರೆದ ಈ ಸೀಕ್ವೆನ್ಸರ್ ಸ್ವತಃ ಒಂದು ಸ್ವರವನ್ನೂ ನುಡಿಸುವುದಿಲ್ಲ. ಯಾವ ಸ್ವರ, ಎಷ್ಟು ಜೋರು, ಯಾವಾಗ ಬಿಡಬೇಕು ಎಂಬ ಅಪ್ಪಣೆಗಳನ್ನಷ್ಟೇ ಕಳಿಸುತ್ತದೆ. 1983ರಲ್ಲಿ ಬಳಕೆಗೆ ಬಂದ ಮಿಡಿ ವ್ಯವಸ್ಥೆಯ ಹುರುಳೇ ಅದು. ನುಡಿಸುವ ಕೆಲಸ ತಂಡದ ಬಳಿ ಹೇಗೂ ಇರುವ ಯಮಾಹಾ ಅಥವಾ ರೋಲ್ಯಾಂಡ್ ಕೀಬೋರ್ಡಿನದು. ನಡುವೆ ಒಂದು ಕೇಬಲ್ ಸಾಕು, ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್ ಸಾಕು. ಏಬಲ್ಟನ್ ಲೈವ್‌ನಂಥ ದುಬಾರಿ ತಂತ್ರಾಂಶ ಕೊಳ್ಳಲಾಗದ ತಂಡಕ್ಕೆ ಇದು ಸಣ್ಣ ಮಾತಲ್ಲ.

ಪರದೆಯ ಮೇಲೆ 32 ಚೌಕಗಳು. ಒಂದೊಂದರಲ್ಲಿ ಒಂದೊಂದು ಲಯದ ಅಥವಾ ಸ್ವರದ ತುಣುಕು. ಪ್ರತಿ ಚೌಕಕ್ಕೂ ಲ್ಯಾಪ್‌ಟಾಪಿನ ಕೀಲಿಮಣೆಯ ಒಂದು ಕೀಲಿ. ಕೀಲಿ ಒತ್ತಿದರೆ ತುಣುಕು ಏಳುತ್ತದೆ, ಇನ್ನೊಮ್ಮೆ ಒತ್ತಿದರೆ ಮಲಗುತ್ತದೆ. ಎದ್ದಿರುವಷ್ಟು ಹೊತ್ತು ತಿರುಗಿ ತಿರುಗಿ ಬರುತ್ತದೆ. ಸರದಿಯ ಕೀಲಿಯನ್ನೂ ಜೊತೆಗೆ ಒತ್ತಿದರೆ ಆ ತುಣುಕು ತನ್ನ ಆವರ್ತ ಮುಗಿಯುವ ತನಕ ತಡೆದು ಆಮೇಲೆ ಬದಲಾಗುತ್ತದೆ. ಹಾರ ಹಾಕುವುದು ಎಷ್ಟು ಹೊತ್ತಾದರೂ ಆಗಲಿ, ತಳದ ಲಯ ಸುತ್ತುತ್ತಿರುತ್ತದೆ. ಗಾಯಕ ಮೈಕಿಗೆ ಮರಳಿದಾಗ ಚರಣ ಎತ್ತಿಕೊಂಡರಾಯಿತು. ಪೆನ್‌ಡ್ರೈವಿಗೆ ಬಾರದ ವಿದ್ಯೆ ಇದು. ತುಣುಕುಗಳ ಉದ್ದ ಒಂದೇ ಇರಬೇಕೆಂದೂ ಇಲ್ಲ. ಏಳೆಣಿಕೆಯ ಮಿಶ್ರಚಾಪನ್ನು ಎಂಟೆಣಿಕೆಯ ಪಕ್ಕದಲ್ಲಿ ಬಿಟ್ಟರೆ ಎರಡೂ ಅಗಲಿ ಅಲೆದು 56ನೇ ಎಣಿಕೆ ಕಳೆದು ಮತ್ತೆ ಸಮಕ್ಕೆ ಕೂಡುತ್ತವೆ. ತಾಳದ ಲೆಕ್ಕ ಬಲ್ಲವರು ಸೆಕ್24ಕ್ಕೆ ಮನಸೋಲುವುದು ಇಲ್ಲೇ.

ಆದರೆ ಡೊಳ್ಳು ಬಂದ ಕೂಡಲೇ ಈ ಯಂತ್ರದ ಬಡತನ ಬಯಲಾಗುತ್ತದೆ. ವಾದ್ಯಗಳಿಗೆ ಅಂಕಿ ಕೊಟ್ಟ 1991ರ ಜನರಲ್ ಮಿಡಿ ಪಟ್ಟಿಯಲ್ಲಿ ಸಿತಾರಿಗೆ 105, ಶಹನಾಯಿಗೆ 112. ಬೀರೇಶ್ವರನ ಡೊಳ್ಳಿಗೆ ಜಾಗವಿಲ್ಲ. ಹತ್ತಿರದ್ದೆಂದರೆ 117ನೆಯದು, ಜಪಾನಿನ ಟೈಕೊ! ಇದಕ್ಕೆ ಮದ್ದಿದೆ. ಹೈಡ್ರೊಜನ್ ಎಂಬ ಇನ್ನೊಂದು ಮುಕ್ತ ತಂತ್ರಾಂಶಕ್ಕೆ ನಮ್ಮದೇ ಧ್ವನಿಮುದ್ರಿಕೆ ತುಂಬಬಹುದು: ಕೋಲಿನ ಪೆಟ್ಟು ಬೇರೆ, ಅಂಗೈಯ ಪೆಟ್ಟು ಬೇರೆ, ಮೆಲ್ಲಗಿನದು ಜೋರಿನದು ಒಂದರ ಮೇಲೊಂದು ಪದರವಾಗಿ. ಸೊರಬದ ಡೊಳ್ಳಿನ ದನಿ ಸೊರಬದ ವೇದಿಕೆಯಲ್ಲೇ ಕೇಳುವಂತೆ ಮಾಡಲು ಯಾವ ಕಂಪನಿಯನ್ನೂ ಕೇಳಬೇಕಿಲ್ಲ.

ಮದ್ದಿಲ್ಲದ ರೋಗ ಇನ್ನೊಂದು. ಡೊಳ್ಳಿನ ಮೇಳ ನಿಧಾನಕ್ಕೆ ಹಿಡಿದು, ಕುಣಿತದ ಕಾವು ನೋಡಿಕೊಂಡು, ಕಣ್ಸನ್ನೆಯಲ್ಲೇ ಓಟ ಏರಿಸುತ್ತದೆ. ಸೀಕ್ವೆನ್ಸರ್ ಒಂದು ಎಣಿಕೆಯನ್ನು 192 ಪಾಲಾಗಿ ಸೀಳಬಲ್ಲದು, ಎದುರಿಗಿರುವವನ ಒಂದು ಪೆಟ್ಟನ್ನೂ ಕೇಳಿಸಿಕೊಳ್ಳಲಾರದು. ಹರಿಹರನ ರಗಳೆಯಲ್ಲಿ ಮದ್ದಳೆಕಾರನಾಗಿ ಬರುವ ಅಲ್ಲಮ ಇದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನು. ಇನ್ನೊಬ್ಬ ಕವಿ ಚಾಮರಸ ತನ್ನ ಕಾವ್ಯದಲ್ಲಿ ಅವನನ್ನು ಬನವಾಸಿಗೆ ಕರೆದೊಯ್ದು ಮಾಯೆಯ ನಾಟ್ಯಕ್ಕೆ ಮದ್ದಳೆ ನುಡಿಸಲು ನಿಲ್ಲಿಸುತ್ತಾನೆ. ಕುಣಿಯುವ ಕಾಲು, ನುಡಿಸುವ ಕೈ ಒಂದನ್ನೊಂದು ಕೆಣಕುತ್ತ ಬೆಳೆಯುವುದು ಈ ಸೀಮೆ ಹಿಂದಿನಿಂದ ಕಂಡ ಲಯ. ಅದರ ಮುಂದೆ ಸೆಕ್24 ಶಿಸ್ತಿನ ಗುಮಾಸ್ತ.

ಗಮಕದಲ್ಲೂ ಇದೇ ಕಥೆ. ಸ್ವರ ಬಾಗಿಸಲು ಮಿಡಿಯಲ್ಲಿ 16384 ಮೆಟ್ಟಿಲುಗಳಿವೆ, ಆದರೆ ಬಾಗುವುದು ಇಡೀ ಚಾನೆಲ್ಲು. ಎರಡು ಸ್ವರ ಒಟ್ಟಿಗಿದ್ದರೆ ಎರಡೂ ಬಾಗುತ್ತವೆ. ರಾಗದ ಎಳೆಯನ್ನು ಗಾಯಕನಿಗೇ ಬಿಡುವುದು ಲೇಸು.

ಬ್ಯೂಸ್ ಅವರ ಮೂಲ ಕೃತಿಯ ಬೆಳವಣಿಗೆ ಒಂದು ಹಂತದಲ್ಲಿ ನಿಂತಿತು. ಮುಚ್ಚಿದ ತಂತ್ರಾಂಶವಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೂಲಸಂಕೇತ ಎಲ್ಲರಿಗೂ ತೆರೆದಿದ್ದರಿಂದ ಕ್ರಿಸ್ ಆಲ್‌ಸ್ಟ್ರಮ್ ಅದನ್ನು ಮೊದಲು ಸೀಕ್ವೆನ್ಸರ್64 ಎಂದೂ ಆಮೇಲೆ ಸೆಕ್66 ಎಂದೂ ಮುಂದುವರಿಸಿದರು. ಹೊಸದರಲ್ಲಿ ಬೆರಳಿನಿಂದ ತಟ್ಟಿ ವೇಗ ತೋರಿಸುವ ಸೌಲಭ್ಯವಿದೆ. ಕಿವಿ ಕೊಟ್ಟಂತಾಗಲಿಲ್ಲ, ಆದರೆ ಕಿವಿ ಇರುವ ಮನುಷ್ಯನಿಗೆ ಲಗಾಮು ಸಿಕ್ಕಿತು. ಆಲ್ಸಾ, ಜ್ಯಾಕ್ ಎಂಬ ಲಿನಕ್ಸಿನ ಧ್ವನಿ ಜೋಡಣೆ ಮಾತ್ರ ಈಗಲೂ ಹೊಸಬರನ್ನು ಹೆದರಿಸುವಂಥದ್ದೇ; ಜಾತ್ರೆಯ ಸಂಜೆ ವೇದಿಕೆಯ ಹಿಂದೆ ಕೂತು ಕಲಿಯುವ ಕೆಲಸ ಅದಲ್ಲ.

ರಸಮಂಜರಿಗೆ ಇದು ಬರಲಿ ಎಂದೇ ನನ್ನ ಮತ. ಡೊಳ್ಳಿನ ಜೊತೆಗಾದರೆ ಒಂದು ಷರತ್ತು: ಯಂತ್ರದ ಯಜಮಾನಿಕೆ ಕೀಬೋರ್ಡಿನವನಿಗೆ ಬೇಡ, ಮೇಳದ ಕಡೆ ಮುಖಮಾಡಿ ನಿಂತ ಪ್ಯಾಡಿನವನಿಗಿರಲಿ. ವೇಗ ಏರಿಸುವ ಇಳಿಸುವ ಅಪ್ಪಣೆಯನ್ನು ಮಿಡಿಯ ಮೂಲಕವೇ ಕೊಡಬಹುದು. ಅವನ ರಿದಮ್ ಪ್ಯಾಡು ಆಕ್ಟೋಪ್ಯಾಡ್ ಆಗಿದ್ದರೆ ಅದರ ಎಂಟು ಚೌಕಗಳಲ್ಲಿ ಎರಡನ್ನು ಅದಕ್ಕೆ ಮೀಸಲಿಟ್ಟರೆ ಉಳಿದ ಆರರಲ್ಲಿ ಅವನು ಎಂದಿನಂತೆ ನುಡಿಸಿಕೊಂಡಿರಬಹುದು.