ಬಾಯಿಲ್ಲದ ಅಧ್ಯಕ್ಷರು ಬೇಕಾಗಿದ್ದಾರೆ

ನಮ್ಮ ಅರಳಗುಪ್ಪೆ ಕಡೆ ಅಧ್ಯಕ್ಷರು ಅಂದರೆ ಪಂಚಾಯ್ತಿ ಅಧ್ಯಕ್ಷರು. ದೇಶದ ಅಧ್ಯಕ್ಷರಿಗೆ ರಾಷ್ಟ್ರಪತಿ ಅನ್ನುತ್ತೇವೆ. ಒಬ್ಬರು ನಮ್ಮ ಚರಂಡಿ, ಬೀದಿದೀಪಕ್ಕೆ ಸಂಬಂಧಪಟ್ಟವರು. ಇನ್ನೊಬ್ಬರು ಸಂಸತ್ತಿನ ಕಾನೂನಿಗೆ ಅಂಕಿತ ಹಾಕುವವರು. ಆದರೆ ಇಬ್ಬರಿಗೂ ಒಂದು ಹೋಲಿಕೆ ಉಂಟು. ಇಬ್ಬರನ್ನೂ ಜನ ನೇರವಾಗಿ ಆರಿಸುವುದಿಲ್ಲ. ನಾವು ಗೆಲ್ಲಿಸಿ ಕಳಿಸಿದವರು ಆರಿಸುತ್ತಾರೆ. ಹಾಗೆ ಆರಿಸುವಾಗ ಅವರು ಏನನ್ನು ನೋಡುತ್ತಾರೆ? ಅದೂ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಇರಲಿ ಅನ್ನುವವರು, ದಲಿತನೊಬ್ಬನನ್ನೋ ಆದಿವಾಸಿಯೊಬ್ಬಳನ್ನೋ ಅಧ್ಯಕ್ಷ ಪೀಠಕ್ಕೆ ಕೂರಿಸುವಾಗ ಏನನ್ನು ನೋಡುತ್ತಾರೆ? ಇದನ್ನು ನಾವು ಕೇಳಿಕೊಳ್ಳಲೇಬೇಕಾಗಿದೆ.

ಈ ತೆಂಗಿನ ಸೀಮೆಯ ಒಂದು ಪಂಚಾಯ್ತಿಯಲ್ಲಿ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಹಟ್ಟಿಯಿಂದ ಗೆದ್ದವರು ಇಬ್ಬರು. ಒಬ್ಬ ಬಿ.ಎ. ಓದಿದ ಹುಡುಗ, ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದವನು. ಇನ್ನೊಬ್ಬರು ಊರ ಯಜಮಾನರ ತೋಟದಲ್ಲಿ ಕಾಯಿ ಸುಲಿಯುವವರು. ತೀರ್ಮಾನ ಪಂಚಾಯ್ತಿ ಕಚೇರಿಯಲ್ಲಿ ಆಗಲಿಲ್ಲ, ಅರಳಿಕಟ್ಟೆ ಮೇಲೆ ಆಯಿತು. "ಆ ಓದಿದ್ ಹುಡ್ಗ ಬ್ಯಾಡ ಕಣ್ರಯ್ಯ, ಅವ್ನು ಕಾನೂನು ಮಾತಾಡ್ತಾನೆ. ಇವ್ನು ಒಳ್ಳೇವ್ನು. ಹೇಳ್ದಂಗ್ ಕೇಳ್ತಾನೆ, ಚೆಕ್ಕಿಗೆ ರುಜು ಹಾಕ್ತಾನೆ." ಕಾಯಿ ಸುಲಿಯುವ ಅಣ್ಣನ ಮೇಲೆ ನಮಗೆ ಸಿಟ್ಟಿಲ್ಲ. ನಾಳೆ ಕೂಲಿ ಯಾರ ತೋಟದಲ್ಲಿ ಅನ್ನುವ ಚಿಂತೆ ಅವರ ಬಾಯಿ ಕಟ್ಟಿತ್ತು. ಆ ಬಾಯಿ ಕಟ್ಟಿದೆ ಅನ್ನುವುದೇ ಅವರ ಅರ್ಹತೆಯಾಯಿತು.

ತಿಪಟೂರು ಮಂಡಿಯಲ್ಲಿ ಉಂಡೆ ಕೊಬ್ಬರಿ ನೋಡುವುದೂ ಹೀಗೆಯೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತು ಒಳಗಿನ ನೀರೆಲ್ಲ ಇಂಗಿರಬೇಕು, ಹೊರಗೆ ಗುಂಡಗೆ ಅಂದವಾಗಿರಬೇಕು, ಎಲ್ಲೂ ಬಾಯಿ ಬಿಟ್ಟಿರಬಾರದು. ಒಡೆದದ್ದು ಎಣ್ಣೆಗೆ ಹೋಗುತ್ತದೆ. ಸಂಪ್ರದಾಯಸ್ಥ ಮತದಾರ ನಮ್ಮವರಲ್ಲಿ ಹುಡುಕುವುದು ಈ ಗುಣವನ್ನೆ. ಜಾತಿ ನಮ್ಮದಾಗಿರಬೇಕು, ಒಳಗಿನ ನೀರು ಇಂಗಿರಬೇಕು.

ಈಗ ದಿಲ್ಲಿಗೆ ಬರೋಣ. 2017ರಲ್ಲಿ ಆಳುವ ಪಕ್ಷ ರಾಮನಾಥ ಕೋವಿಂದರನ್ನು ನಿಲ್ಲಿಸಿತು. ಅದಾದ ಮೇಲೆ ವಿರೋಧ ಪಕ್ಷಗಳು ಮೀರಾ ಕುಮಾರರನ್ನು ನಿಲ್ಲಿಸಿದವು. ಇಬ್ಬರೂ ದಲಿತರು. ಕೋವಿಂದರು ಶೇ. 65ಕ್ಕೂ ಹೆಚ್ಚು ಮತಮೌಲ್ಯದಿಂದ ಗೆದ್ದರು. 2022ರಲ್ಲಿ ಅದೇ ಪಕ್ಷ ಸಂತಾಲ್ ಹೆಣ್ಣುಮಗಳು ದ್ರೌಪದಿ ಮುರ್ಮು ಅವರನ್ನು ನಿಲ್ಲಿಸಿ ಶೇ. 64ರಷ್ಟು ಪಡೆಯಿತು. ಎದುರಿಗಿದ್ದ ಯಶವಂತ ಸಿನ್ಹಾ ಹಿಂದೆ ಅದೇ ಪಕ್ಷದಲ್ಲಿ ಹಣಕಾಸು ಮಂತ್ರಿಯಾಗಿದ್ದವರು. ಈ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕನ ಮತಕ್ಕೆ 131ರ ಬೆಲೆ. ಅದೂ 1971ರ ಜನಗಣತಿ ಲೆಕ್ಕ. ತಿಪಟೂರಿನ ಶಾಸಕರಿಗೂ ಅಷ್ಟೆ, ಬೆಂಗಳೂರಿನವರಿಗೂ ಅಷ್ಟೆ. ಮತ ಗುಪ್ತ, ಪಕ್ಷಗಳು ವಿಪ್ ಕೊಡುವ ಹಾಗಿಲ್ಲ. ಅಂದರೆ ಶಾಸಕ ತನ್ನ ಆತ್ಮಸಾಕ್ಷಿಗೆ ಮತ ಹಾಕಬಹುದು. ಆ 131ರಲ್ಲಿ ನಮ್ಮ ಹಟ್ಟಿಯ ತಲೆಗಳೂ ಸೇರಿವೆ. ಆದರೂ ಮತ ಹಾಕುವ ಮುಂಚೆ ಯಾವ ಶಾಸಕ ಬಂದು "ನಿಮಗೆಂಥವರು ಬೇಕು?" ಅಂತ ನಮ್ಮ ಹಟ್ಟಿಯಲ್ಲಿ ಕೇಳಿದ?

ಮುರ್ಮು ಅವರ ಹೆಸರು ಘೋಷಣೆಯಾದ ಮಾರನೆಯ ದಿನ ದೇಶಕ್ಕೆಲ್ಲ ಒಂದು ಚಿತ್ರ ತೋರಿಸಿದರು. ಅವರು ರಾಯರಂಗಪುರದ ಶಿವನ ಗುಡಿಯಲ್ಲಿ ಪೊರಕೆ ಹಿಡಿದು ನೆಲ ಗುಡಿಸುತ್ತಿದ್ದರು. ಅವರ ಭಕ್ತಿ ಅವರದು, ಅದನ್ನು ನಾವು ಆಡಿಕೊಳ್ಳುವುದಿಲ್ಲ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ತಾಯಿ ಎಲ್ಲಿ ಸಮಾಧಾನ ಕಂಡರೆ ಅದು ಅವರ ಹಕ್ಕು. ನಮ್ಮ ಪ್ರಶ್ನೆ ನೋಡಿದವರ ಬಗ್ಗೆ. ಆ ಚಿತ್ರ ನೋಡಿ ಅಷ್ಟೊಂದು ಜನರ ಮನಸ್ಸು ಯಾಕೆ ತಣ್ಣಗಾಯಿತು? ಅರಳಗುಪ್ಪೆಯಲ್ಲೂ ಕಲ್ಲೇಶ್ವರನ ಗುಡಿ ಇದೆ. ಸಾವಿರ ವರ್ಷ ಮೀರಿದ ಛಾವಣಿಯಲ್ಲಿ ಶಿವ ಕುಣಿಯುತ್ತಾನೆ, ಸುತ್ತ ಎಂಟು ದಿಕ್ಪಾಲಕರು. ಅದನ್ನು ನೋಡಲು ದೂರದಿಂದ ಜನ ಬರುತ್ತಾರೆ. ಆದರೆ ಈ ನಾಡಿನ ಎಷ್ಟೋ ಗುಡಿಗಳ ಅಂಗಳ ಗುಡಿಸಿದ ನಮ್ಮ ಅಜ್ಜಿಯರು ಹೊಸ್ತಿಲಾಚೆಗೇ ನಿಂತು ಸತ್ತರು. ಪೊರಕೆ ಹಿಡಿದ ಕೈ ಕಂಡರೆ ಸಂಪ್ರದಾಯಕ್ಕೆ ಭಯವಿಲ್ಲ. ಅದು ಅದಕ್ಕೆ ಹಳೆಯ ಪರಿಚಯ.

ಅದೇ ಕೈ ಇನ್ನೊಂದು ಕೆಲಸ ಮಾಡಿತ್ತು. ಅದನ್ನು ಯಾರೂ ಚಿತ್ರ ಮಾಡಿ ತೋರಿಸಲಿಲ್ಲ. ಮುರ್ಮು ಜಾರ್ಖಂಡಿನ ರಾಜ್ಯಪಾಲರಾಗಿದ್ದಾಗ ಅಲ್ಲಿನ ಸರ್ಕಾರ ಆದಿವಾಸಿಗಳ ಜಮೀನು ಕಾಯುವ ಎರಡು ಕಾಯ್ದೆಗಳಿಗೆ ತಿದ್ದುಪಡಿ ತಂದಿತು. ಒಂದು 1908ರ ಛೋಟಾನಾಗಪುರ ಗೇಣಿ ಕಾಯ್ದೆ, ಇನ್ನೊಂದು 1949ರ ಸಂತಾಲ್ ಪರಗಣ ಗೇಣಿ ಕಾಯ್ದೆ. ಆದಿವಾಸಿಗಳು ಬೀದಿಗಿಳಿದರು. 2017ರಲ್ಲಿ ಈ ಹೆಣ್ಣುಮಗಳು ಆ ಮಸೂದೆಗಳಿಗೆ ಅಂಕಿತ ಹಾಕದೆ ಹಿಂದಕ್ಕೆ ಕಳಿಸಿದರು. ಕಳಿಸಿದ ಸರ್ಕಾರ ಅವರದೇ ಪಕ್ಷದ್ದು! ಗೆದ್ದ ಮೇಲೆ 2022ರ ನವೆಂಬರ್ 26ರಂದು, ಸಂವಿಧಾನ ದಿನ, ಸುಪ್ರೀಂ ಕೋರ್ಟಿನ ದೊಡ್ಡವರೆದುರು ಜೈಲಿನಲ್ಲಿ ಕೊಳೆಯುತ್ತಿರುವ ಬಡವರ ಮಾತೆತ್ತಿ, ಇನ್ನಷ್ಟು ಜೈಲು ಯಾಕೆ ಬೇಕು ಅಂತ ಕೇಳಿದರು. ಮರುವರ್ಷ ಮೇ 28ರಂದು ಹೊಸ ಸಂಸತ್ ಭವನದ ಉದ್ಘಾಟನೆ ನಡೆಯಿತು. ಮಾಡಿದವರು ಪ್ರಧಾನಿ. ರಾಷ್ಟ್ರಪತಿಯವರ ಸಂದೇಶವನ್ನು ಓದಲಾಯಿತು. ಆಕೆಗೆ ಮತ ಹಾಕಿಸಿದವರಿಗೆ ಆಕೆ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಇದು ಒಂದು ಪಕ್ಷದ ರೋಗ ಮಾತ್ರ ಅಂತ ತಿಳಿದರೆ ನಮಗೆ ನಾವೇ ಮೋಸ ಮಾಡಿಕೊಂಡಂತೆ. 1973ರಲ್ಲಿ ನಮ್ಮದೇ ರಾಜ್ಯದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದರು, ಕಾಂಗ್ರೆಸ್ ಸರ್ಕಾರದಲ್ಲಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟವರು. ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅಷ್ಟಕ್ಕೇ ರಾಜ್ಯ ಹೊತ್ತಿ ಉರಿಯಿತು, ಹಾಸ್ಟೆಲಿನ ನಮ್ಮ ಹುಡುಗರು ಏಟು ತಿಂದರು, ಅವರು ಕುರ್ಚಿ ಬಿಡಬೇಕಾಯಿತು. ದಲಿತ ಮಂತ್ರಿಯನ್ನು ಸಹಿಸಿದವರು ದಲಿತ ಮಂತ್ರಿಯ ಅಭಿಪ್ರಾಯವನ್ನು ಸಹಿಸಲಿಲ್ಲ. ನಮ್ಮ ಚಳವಳಿ ಹುಟ್ಟಿದ್ದು ಆ ಏಟಿನಿಂದ.

ಕೆ.ಆರ್. ನಾರಾಯಣನ್ 1997ರಲ್ಲಿ ರಾಷ್ಟ್ರಪತಿಯಾದಾಗ ಕಾಂಗ್ರೆಸ್, ಸಂಯುಕ್ತ ರಂಗ, ಬಿಜೆಪಿ ಎಲ್ಲರೂ ಬೆಂಬಲಿಸಿದ್ದರು. ಎಲ್ಲರೂ ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. ಅದೇ ವರ್ಷ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಬಿಜೆಪಿ ಸರ್ಕಾರವನ್ನು ಕಿತ್ತು ಹಾಕಲು ಸಂಯುಕ್ತ ರಂಗದ ಸಂಪುಟ ಕಳಿಸಿದ ಶಿಫಾರಸನ್ನು ಅವರು ಹಿಂದಕ್ಕೆ ಕಳಿಸಿದರು. ಮರುವರ್ಷ ಬಿಹಾರದ ವಿಷಯದಲ್ಲಿ ಬಿಜೆಪಿ ನೇತೃತ್ವದ ಸಂಪುಟ ಅದನ್ನೇ ಮಾಡಿದಾಗ ಅದನ್ನೂ ಹಿಂದಕ್ಕೆ ಕಳಿಸಿದರು. ಒಂದೇ ಪೆನ್ನು, ಇಬ್ಬರಿಗೂ ಒಂದೇ ಉತ್ತರ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ನೇಮಕದ ಕಡತದಲ್ಲಿ ನಮ್ಮವರನ್ನೂ ಪರಿಗಣಿಸಿ ಅಂತ ಬರೆದರು. ಸಂವಿಧಾನ ನಮ್ಮನ್ನು ಸೋಲಿಸಿತೋ, ನಾವು ಸಂವಿಧಾನವನ್ನು ಸೋಲಿಸಿದೆವೋ ಯೋಚಿಸಿ ಅಂತ 2000ದ ಜನವರಿಯಲ್ಲಿ ಸಂಸತ್ತಿನ ಒಳಗೇ ನಿಂತು ಕೇಳಿದರು. 2002ರಲ್ಲಿ ಎರಡನೆಯ ಅವಧಿ ಅವರಿಗೆ ಸಿಗಲಿಲ್ಲ.

ರಾಷ್ಟ್ರಪತಿಗೆ ಅಧಿಕಾರವೇ ಇಲ್ಲ, ಬರೀ ಮುದ್ರೆ ಒತ್ತುವ ಕೆಲಸ ಅನ್ನುವವರಿಗೆ ಇದೇ ಉತ್ತರ. ಸಂಪುಟದ ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಹಿಂದಿರುಗಿಸುವ ಹಕ್ಕನ್ನು 1978ರ ತಿದ್ದುಪಡಿ ಬರೆದುಕೊಟ್ಟಿದೆ. ಒಂದೇ ಸಲ. ಆದರೆ ನಮ್ಮ ಜನಕ್ಕೆ ಆ ಒಂದು ಸಲ 'ಯಾಕೆ?' ಅನ್ನುವುದೇ ದೊಡ್ಡದು.

ಬಾಬಾಸಾಹೇಬರು ಈ ಗುಟ್ಟನ್ನು 1932ರಲ್ಲೇ ಕಂಡಿದ್ದರು. ಅವರು ಕೇಳಿದ್ದು ಬರೀ ಸೀಟುಗಳನ್ನಲ್ಲ, ಆ ಸೀಟಿನಲ್ಲಿ ಯಾರು ಕೂರಬೇಕು ಅಂತ ನಾವೇ ಹೇಳುವ ಹಕ್ಕನ್ನು. ಪೂನಾ ಒಪ್ಪಂದದಲ್ಲಿ ಸೀಟು 71 ಇದ್ದದ್ದು 148 ಆಯಿತು. ಆರಿಸುವ ಹಕ್ಕು ಮಾತ್ರ ಕೈಜಾರಿತು. ನಮ್ಮವರು ಮೊದಲು ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಯಾರು ಗೆಲ್ಲಬೇಕು ಅನ್ನುವುದನ್ನು ಎಲ್ಲರೂ ಸೇರಿ ತೀರ್ಮಾನಿಸಬೇಕು. ನಾಲ್ವರಲ್ಲಿ ಮೆತ್ತಗಿನವರು ಯಾರು ಅಂತ ಬಹುಸಂಖ್ಯಾತರು ನೋಡುವುದಿಲ್ಲವೆ? ಅರಳಿಕಟ್ಟೆಯ ತೀರ್ಮಾನ ಅಲ್ಲಿಂದ ಬಂದದ್ದು.

ಇನ್ನು ನಮ್ಮನ್ನು ನಾವು ಕೇಳಿಕೊಳ್ಳುವ ಸರದಿ. ನಮ್ಮವರೊಬ್ಬರು ಗೆದ್ದ ದಿನ ನಾವು ಪಟಾಕಿ ಹೊಡೆದೆವು, ಫೋಟೋಕ್ಕೆ ಹಾರ ಹಾಕಿದೆವು. ತಪ್ಪಲ್ಲ. ಸೋರುವ ಮಣ್ಣಿನ ಮನೆಯಿಂದ ಬಂದವನು ನಾನು ಅಂತ ಕೋವಿಂದರು ಗೆದ್ದ ದಿನ ಹೇಳಿದಾಗ ನಮ್ಮ ಕಣ್ಣೂ ಒದ್ದೆಯಾಯಿತು. ಆದರೆ ಅಷ್ಟಕ್ಕೇ ನಿಂತುಬಿಟ್ಟೆವು. ಸಂಪ್ರದಾಯಸ್ಥ ಮತದಾರ ಹುಟ್ಟನ್ನು ನೋಡಿ ತೃಪ್ತನಾದ, ನಾವೂ ಹುಟ್ಟನ್ನೇ ನೋಡಿ ತೃಪ್ತರಾದೆವು. ಅವನ ತಕ್ಕಡಿಗೂ ನಮ್ಮ ತಕ್ಕಡಿಗೂ ಏನು ವ್ಯತ್ಯಾಸ? ಕವಿಗೋಷ್ಠಿಗೆ ಕರೆದು, "ಸ್ವಲ್ಪ ಸಿಟ್ಟಿಲ್ಲದ ಪದ್ಯ ಓದಿ" ಅಂದಾಗ ನಾವೂ ಪುಟ ತಿರುವಿ ಅಂಥದ್ದೇ ಒಂದನ್ನು ಹುಡುಕಿದ್ದುಂಟು.

ಆದ್ದರಿಂದ ಗೆಳೆಯರೆ, ಯಾರೇ ಅಧ್ಯಕ್ಷರಾಗಲಿ, ಪಂಚಾಯ್ತಿಗಾಗಲಿ ದೇಶಕ್ಕಾಗಲಿ, ಮೊದಲು ಇದನ್ನು ಕೇಳೋಣ: ಇವರು ಯಾವ ಕಾಗದಕ್ಕೆ ರುಜು ಹಾಕಲಿಲ್ಲ? ಯಾವುದನ್ನು ಹಿಂದಕ್ಕೆ ಕಳಿಸಿದರು? ಹಳ್ಳಿಯ ಮೇಷ್ಟ್ರುಗಳು ಸಂವಿಧಾನದ ಪಾಠ ಮಾಡುವಾಗ ರಾಷ್ಟ್ರಪತಿಗಳ ಹೆಸರು ಉರುಹೊಡೆಸಿದರೆ ಸಾಲದು, ಈ ಪ್ರಶ್ನೆಯನ್ನೂ ಬೋರ್ಡಿನ ಮೇಲೆ ಬರೆಯಬೇಕು.

ಕಾಯಿ ಸುಲಿಯುವ ಅಣ್ಣನ ಮಾತು ಅರ್ಧಕ್ಕೆ ಬಿಟ್ಟಿದ್ದೆವು. ಅಧ್ಯಕ್ಷರಾಗಿ ಏಳೆಂಟು ತಿಂಗಳಾದ ಮೇಲೆ ಒಂದು ರಾತ್ರಿ ಅವರು ನಡಾವಳಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆ ಓದಿದ ಹುಡುಗನ ಮನೆಗೆ ಬಂದರು. "ಇದ್ರಾಗೆ ಏನ್ ಬರ್ದವ್ರೆ, ಒಸಿ ಓದ್ ಹೇಳು ತಮ್ಮ. ಬೆಳಿಗ್ಗೆ ರುಜು ಹಾಕು ಅಂದವ್ರೆ." ಹುಡುಗ ಓದಿದ. ಅಣ್ಣ ಕೇಳುತ್ತಾ ಕೂತರು. ಬೆಳಿಗ್ಗೆ ಅವರು ರುಜು ಹಾಕಲಿಲ್ಲ. ವಾರದೊಳಗೆ ತೋಟದ ಕೂಲಿ ಹೋಯಿತು. ಈಗ ಅವರು ಬೇರೆ ಊರಿನ ತೋಟದಲ್ಲಿ ಕಾಯಿ ಸುಲಿಯುತ್ತಾರೆ. ಅವರ ಫೋಟೋ ಯಾವ ಗೋಡೆಯ ಮೇಲೂ ಇಲ್ಲ.