ಶನಿವಾರದ ಪಾಠ, ವಾರವಿಡೀ ಓಡುವ ಡೇಟಾಬೇಸ್

ಉದ್ಯೋಗಸ್ಥರಿಗೆಂದೇ ನಡೆಯುವ ವಾರಾಂತ್ಯದ ಡಿಬಿಎ (ಡೇಟಾಬೇಸ್ ಆಡಳಿತ) ಕೋರ್ಸ್‌ಗಳ ಪಠ್ಯಕ್ರಮ ಬಹುಮಟ್ಟಿಗೆ ಒಂದೇ ಅಚ್ಚಿನದು: ಇನ್‌ಸ್ಟಾಲೇಶನ್, ಬಳಕೆದಾರರ ಅನುಮತಿ, ಇಂಡೆಕ್ಸ್, ಬ್ಯಾಕಪ್, ಕೊನೆಗೆ ಟ್ಯೂನಿಂಗ್. ಈ ಆಯ್ಕೆಯಲ್ಲಿ ತಪ್ಪಿಲ್ಲ. ಆಫೀಸಿನಲ್ಲಿ ಎದುರಾದ ತೊಡಕನ್ನೇ ತರಗತಿಗೆ ತರುವ ವಿದ್ಯಾರ್ಥಿಗಳು ಈ ಕೋರ್ಸ್‌ಗಳ ದೊಡ್ಡ ಬಲ. ಕೊರತೆ ಇರುವುದು ಕಲಿಸುವ ಕ್ರಮದಲ್ಲಿ. ಪ್ರತಿ ಶನಿವಾರ ಹೊಸ ವರ್ಚುವಲ್ ಮಷೀನ್, ಹೊಸ ಡೇಟಾಬೇಸ್, ಎಲ್ಲವೂ ಸುಸೂತ್ರ. ಸಂಜೆಗೆ ಅಳಿಸಿಹಾಕುವ ಡೇಟಾಬೇಸ್‌ಗೆ ಆಡಳಿತವೇ ಬೇಕಿಲ್ಲ.

ನಿಜವಾದ ಆಡಳಿತ ಎಲ್ಲಿ ಎಡವುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಇದೆ. 2017ರ ಜನವರಿ 31ರಂದು ಕೋಡ್ ಸಂಗ್ರಹ ಸೇವೆ ನೀಡುವ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ರೆಪ್ಲಿಕಾ (ನಕಲು ಸರ್ವರ್) ಎಂದುಕೊಂಡು ಮುಖ್ಯ ಸರ್ವರ್‌ನ ಡೇಟಾವನ್ನೇ ಅಳಿಸಿದರು. ಸುಮಾರು 300 ಜಿಬಿ ಹೋಯಿತು. ಬ್ಯಾಕಪ್ ಹುಡುಕಿದರೆ ಅದೂ ಇಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಪಿಜಿ-ಡಂಪ್ 9.2, ಆವೃತ್ತಿ ಹೊಂದದೆ ಬ್ಯಾಕಪ್ ವಿಫಲವಾಗುತ್ತಿತ್ತು. ಎಚ್ಚರಿಕೆಯ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು, ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್ ಅವರ ಕೈಹಿಡಿಯಿತು. ಬ್ಯಾಕಪ್ ಕಮಾಂಡ್ ಗೊತ್ತಿಲ್ಲದೆ ಆದ ಅನಾಹುತ ಇದಲ್ಲ. ಬ್ಯಾಕಪ್ ನಿಜಕ್ಕೂ ಆಗುತ್ತಿದೆಯೇ ಎಂದು ಮರಳಿ ಏರಿಸಿ ನೋಡದೆ ಹೋದದ್ದರಿಂದ ಆದದ್ದು.

ಇಂಥ ದೋಷ ಒಂದು ಮಧ್ಯಾಹ್ನದ ಲ್ಯಾಬಿನಲ್ಲಿ ತಲೆಯೆತ್ತುವುದಿಲ್ಲ, ಅದಕ್ಕೆ ದಿನಗಳು ಉರುಳಬೇಕು. ಪಾರ್ಟ್‌ಟೈಮ್ ಕೋರ್ಸ್‌ನ ಕೈಯಲ್ಲಿ ಆ ದಿನಗಳಿವೆ, ಆದರೆ ಅದು ಅವನ್ನು ರಜೆಯೆಂದು ಬಿಟ್ಟುಕೊಡುತ್ತದೆ. ಪ್ರತಿ ವಿದ್ಯಾರ್ಥಿಯ ಪೋಸ್ಟ್‌ಗ್ರೆಸ್ ಸರ್ವರ್ ವಾರವಿಡೀ ಓಡಲಿ, ಪಿಜಿ-ಬೆಂಚ್ ಎಂಬ ಪರೀಕ್ಷಾ ಸಾಧನದಿಂದ ಅದರ ಮೇಲೆ ಹೊರೆ ಬೀಳುತ್ತಿರಲಿ, ಪ್ರತಿ ಬದಲಾವಣೆಯನ್ನು ದಾಖಲಿಸುವ ವಾಲ್ ಲಾಗ್‌ಗಳು ಆರ್ಕೈವ್ ಆಗುತ್ತಿರಲಿ. ಆರ್ಕೈವ್ ಕೈಕೊಟ್ಟರೆ ಲಾಗ್‌ಗಳು ರಾಶಿ ಬಿದ್ದು ಡಿಸ್ಕ್ ತುಂಬುತ್ತದೆ, ಸರ್ವರ್ ನಿಲ್ಲುತ್ತದೆ. ಮುಂದಿನ ಶನಿವಾರ ಶಿಕ್ಷಕರು ಒಂದು ಟೇಬಲ್ ಅಳಿಸಿ, ಅದರ ಹಿಂದಿನ ನಿಮಿಷಕ್ಕೆ ಡೇಟಾಬೇಸನ್ನು ಮರಳಿಸಲು ಹೇಳಲಿ. ಮೂಲ ಬ್ಯಾಕಪ್ ಏರಿಸಿ, ನಿಲ್ಲಬೇಕಾದ ಸಮಯ ಕೊಟ್ಟು, ಲಾಗ್‌ಗಳನ್ನು ಒಂದೊಂದಾಗಿ ಓಡಿಸಬೇಕು. ಬುಧವಾರದ ಒಂದು ಲಾಗ್ ಕಾಣೆಯಾಗಿದ್ದರೆ ಗುರುವಾರದ್ದೂ ಶುಕ್ರವಾರದ್ದೂ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಅದನ್ನು ಒಮ್ಮೆ ಅನುಭವಿಸಿದವರಿಗೆ ಆರ್ಕೈವ್ ತಪಾಸಣೆ ನಿತ್ಯದ ರೂಢಿಯಾಗುತ್ತದೆ.

ಇದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ. ಪೋಸ್ಟ್‌ಗ್ರೆಸ್ ಉಚಿತ, ಸಣ್ಣ ವರ್ಚುವಲ್ ಮಷೀನ್ ಸಾಕು. ಬೇಕಾದದ್ದು ಪ್ರತಿಯೊಬ್ಬರ ಸರ್ವರನ್ನೂ ಕೆಡಿಸಿ ಪರೀಕ್ಷಿಸುವ ಶಿಕ್ಷಕರ ಶ್ರಮ. ಆದ್ದರಿಂದ ಫೀಸು ಕಟ್ಟುವವರು ಪ್ರಮಾಣಪತ್ರಕ್ಕಿಂತ ಮೊದಲು ಕೇಳಬೇಕಾದದ್ದು ಇದು: ಇಲ್ಲಿ ಕೆಟ್ಟ ಡೇಟಾಬೇಸನ್ನು ನಾನೇ ಎಷ್ಟು ಬಾರಿ ಎಬ್ಬಿಸಿ ನಿಲ್ಲಿಸುತ್ತೇನೆ? ಉತ್ತರ ಶೂನ್ಯವಾದರೆ ಆ ಕೋರ್ಸ್ ಡೇಟಾಬೇಸಿನ ಪರಿಚಯವಷ್ಟೇ ಮಾಡಿಸುತ್ತದೆ, ಆಡಳಿತ ಕಲಿಸುವುದಿಲ್ಲ.